ಎರಡನೇ ಜೋಡಿ ಸ್ಪೀಕರ್

ನಮ್ಮ ಬೀದಿಯ ಸುಷ್ಮಾ ಎಂಬ ಹುಡುಗಿಗೆ ಈಚೆಗೆ ಒಂದು ಆಡಿಯೋ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ ಸಿಕ್ಕಿತು. ಸ್ವೀಟ್ ಕೊಡಲು ಬಂದವಳು ಗೇಟಿನ ಹತ್ತಿರವೇ ನಿಂತು ಕೇಳಿದಳು: "ಅಂಕಲ್, ನಿಮ್ ಕಾಲ್ದಲ್ಲಿ ಮೆಷಿನ್ನೇ ಇಲ್ದೆ ಬರೀ ಕಿವೀಲಿ ಕೇಳಿ ಸ್ಪೀಕರ್ ಪಾಸು ಫೇಲು ಮಾಡ್ತಿದ್ರಂತೆ, ಹೌದಾ?" ಅವಳ ದನಿಯಲ್ಲಿ ಇದ್ದದ್ದು ಗೌರವವೋ ಅನುಮಾನವೋ ಗೊತ್ತಾಗಲಿಲ್ಲ. "ಇನ್ನೇನು ಮೂಗಲ್ಲಿ ಮೂಸಿ ನೋಡಕ್ಕಾಗುತ್ತೇನಮ್ಮ?" ಎಂದುಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಅವಳು ನಕ್ಕು ಹೊರಟುಹೋದ ಮೇಲೆ, ಪಾಪ, ಹುಡುಗಿಗೆ ನೆಟ್ಟಗೆ ಉತ್ತರ ಹೇಳಬೇಕಿತ್ತು ಅನ್ನಿಸಿತು. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ಸೂಪರ್‌ವೈಸರ್ ಆದೆ ಎಂಬುದೆಲ್ಲ ಯಾರಿಗೆ ಬೇಕು, ಬಿಡಿ.

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಹಿಂಭಾಗದಲ್ಲಿ, ಶೀಟಿನ ಒಂದು ಶೆಡ್ಡಿನಲ್ಲಿ ನಮ್ಮ ಫ್ಯಾಕ್ಟರಿ ಇತ್ತು. ಕಂಪ್ಯೂಟರಿನ ಅಕ್ಕಪಕ್ಕ ಇಡುವ ಪುಟ್ಟ ಸ್ಪೀಕರ್ ಜೋಡಿಗಳನ್ನು ಅಲ್ಲಿ ಮಾಡುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಮಾತು. ತುಮಕೂರಿನ ಪ್ರತಿ ಅಡ್ಡರಸ್ತೆಯಲ್ಲೂ ಒಂದೊಂದು ಕಂಪ್ಯೂಟರ್ ಕ್ಲಾಸ್ ಬೋರ್ಡು ನೇತಾಡಲು ಶುರುವಾಗಿತ್ತು. ನಮ್ಮದು ಬಡವರ ಸ್ಪೀಕರ್. ಡಬ್ಬದ ಮೇಲೆ ಇಡೀ ಊರಿಗೇ ಕೇಳಿಸುವಷ್ಟು ವ್ಯಾಟ್ ಅಚ್ಚು ಹಾಕಿರುತ್ತಿದ್ದರು. ಒಳಗೆ ಇರುತ್ತಿದ್ದದ್ದು ಅಂಗೈಯಗಲದ ಕಾಗದದ ಕೋನು, ಬಿಸ್ಕತ್ತಿನಷ್ಟು ಮ್ಯಾಗ್ನೆಟ್ಟು, ಅದರ ನಡುವೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದ ಕಾಯಿಲು. ಈ ಕಾಯಿಲು ಯಾವುದಕ್ಕೂ ತಾಗದೆ ಆಡುತ್ತಿದ್ದರೆ ಹಾಡು ಹಾಡಿನಂತೆ ಕೇಳುತ್ತದೆ. ಒಂದಿಷ್ಟು ವಾಲಿದರೂ ಮ್ಯಾಗ್ನೆಟ್ಟಿಗೆ ಉಜ್ಜಿ ಗೊರಗೊರ ಎನ್ನುತ್ತದೆ. ಅಗ್ಗದ ಸ್ಪೀಕರಿನ ಹಣೆಬರಹವೆಲ್ಲ ಇಷ್ಟೇ.

ನಾನು ಅದಕ್ಕೆ ಮುಂಚೆ ಕುಣಿಗಲ್ ಬಸ್ ಸ್ಟ್ಯಾಂಡ್ ಎದುರು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದೆ. ಫ್ಯಾಕ್ಟರಿಯ ಯಜಮಾನರು ಪಂಚಾಕ್ಷರಯ್ಯನವರು ಕೊಬ್ಬರಿ ವ್ಯಾಪಾರದ ಮನೆತನದವರು. ಹಣೆತುಂಬ ವಿಭೂತಿ, ಬಾಯಲ್ಲಿ ಸದಾ ಲವಂಗ. ಎಲೆಕ್ಟ್ರಾನಿಕ್ಸ್ ಅವರಿಗೆ ಅಷ್ಟಕ್ಕಷ್ಟೇ. ಆದರೆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಕೊಬ್ಬರಿ ಗಿಟುಕು ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ ಮನುಷ್ಯ. ಇಂಟರ್‌ವ್ಯೂನಲ್ಲಿ ನನ್ನ ಮುಂದೆ ಎರಡು ಸ್ಪೀಕರ್ ಇಟ್ಟು ಹಾಡು ಹಾಕಿದರು. "ಎಡಗಡೇದ್ರಲ್ಲಿ ಕಾಯಿಲ್ ಉಜ್ತೈತೆ ಸ್ವಾಮಿ" ಎಂದೆ. "ನಂಗೂ ಹಂಗೇ ಅನ್ಸಿತ್ತು. ನಾಳೆಯಿಂದ ಬಾ" ಎಂದರು. ಸರ್ಟಿಫಿಕೇಟ್ ಕೇಳಲೇ ಇಲ್ಲ.

ಮೊದಲ ವರ್ಷವೇ ಒಂದು ಭಾರಿ ಎಡವಟ್ಟು ನಡೆಯಿತು. ಆಗ ಎರಡು ಬಣ್ಣದ ಡಬ್ಬಿ ಬರುತ್ತಿತ್ತು, ಬೂದಿ ಬಣ್ಣ ಮತ್ತು ಕಪ್ಪು. ಕಪ್ಪು ಹೊಸ ಮಾಡೆಲ್ಲು. ನಾನು ಮತ್ತು ಲೈನಿನ ಹೆಂಗಸರು ಕೂತು ಕೇಳಿ, ಕಪ್ಪು ಭಲೇ ಚೆನ್ನಾಗಿದೆ, ಬೂದಿಯದು ಮೂಗಿನಲ್ಲಿ ಮಾತಾಡುತ್ತದೆ ಎಂದು ಬೂದಿಯ ಲಾಟನ್ನೆಲ್ಲ ಪಕ್ಕಕ್ಕೆ ಹಾಕಿದೆವು. ಯಜಮಾನರು ಬಂದರು. ಸ್ಕ್ರೂ ಡ್ರೈವರ್ ತೆಗೆದುಕೊಂಡು ಎರಡೂ ಡಬ್ಬಿ ಬಿಚ್ಚಿದರು. ಒಳಗಿದ್ದದ್ದು ಒಂದೇ ಕೋನು, ಒಂದೇ ಮ್ಯಾಗ್ನೆಟ್ಟು, ಒಂದೇ ಕಾಯಿಲು. "ಏನ್ ರುದ್ರಣ್ಣ, ನೀನು ಕಣ್ಣಲ್ಲಿ ಕೇಳಕ್ ಶುರು ಮಾಡಿದೀಯಲ್ಲಪ್ಪ" ಎಂದರು. ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಮಾರನೆಯ ದಿನ ಗಿರಿಜಾ ತನ್ನದೊಂದು ಹಳೆಯ ಹಸಿರು ಸೀರೆ ತಂದು ಕೇಳುವ ಕೋಣೆಯ ನಡುವೆ ಹಗ್ಗ ಕಟ್ಟಿ ಇಳಿಬಿಟ್ಟಳು. ಗಿರಿಜಾ ಹುಲಿಯೂರುದುರ್ಗದ ಹೆಣ್ಣುಮಗಳು, ಗುಬ್ಬಿಗೆ ಮದುವೆಯಾಗಿ ಬಂದವಳು. ಕಾಯಿಲ್ ಸುತ್ತುವ ಲೈನಿಗೆ ಅವಳೇ ಮುಂದಾಳು. "ಸ್ಪೀಕ್ರು ಆ ಕಡೆ, ನಾವ್ ಈ ಕಡೆ. ಮೊದ್ಲು ಹೇಳ್ಬುಡದು, ಆಮೇಲೆ ನೋಡದು" ಎಂದಳು. ಅಂದಿನಿಂದ ಅದೇ ನಮ್ಮ ಕಾನೂನಾಯಿತು. ಒಬ್ಬರು ಪರದೆಯ ಹಿಂದೆ ನಿಂತು ಸ್ವಿಚ್ ಬದಲಾಯಿಸುವುದು; ಉಳಿದವರು ಈಚೆ ಬೆಂಚಿನ ಮೇಲೆ ಕೂತು ಕೇಳುವುದು. ಹೇಳಿದ ಮೇಲೆ ಮಾತು ಬದಲಾಯಿಸುವಂತಿಲ್ಲ, ಯಜಮಾನರಾದರೂ ಸರಿ. ಕೇಳಲು ಗುಬ್ಬಿಯ ಒಂದು ಭಜನೆ ಮೇಳದವರ ಹಾಡನ್ನು ನಾವೇ ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದಿದ್ದೆವು. ತಾಳದ ಕಿಣಿಕಿಣಿಯಲ್ಲಿ ಮೇಲಿನ ಸ್ವರ ಗೊತ್ತಾಗುತ್ತಿತ್ತು, ಹೆಂಗಸರ ದನಿಯಲ್ಲಿ ನಡುವಿನದು, ಮದ್ದಳೆಯಲ್ಲಿ ತಳದ್ದು. ಆ ಮೇಳದವರಿಗೆ ತಾವು ಸಾವಿರಾರು ಸ್ಪೀಕರಿಗೆ ಪರೀಕ್ಷೆ ಕೊಟ್ಟವರು ಎಂಬುದು ಕೊನೆಯವರೆಗೂ ಗೊತ್ತಾಗಲಿಲ್ಲ.

ದೂರು ಬಂದಲ್ಲಿಗೆ ಹೋಗಿ ನೋಡುವುದೂ ನನ್ನ ಕೆಲಸವೇ. ಗುಬ್ಬಿಯ ಟೈಪಿಂಗ್ ಮೇಷ್ಟ್ರೊಬ್ಬರು ಕಂಪ್ಯೂಟರ್ ಕ್ಲಾಸ್ ತೆರೆದಿದ್ದರು. ನಮ್ಮ ಸ್ಪೀಕರ್ ಇಟ್ಟಾಗಿನಿಂದ ಮಾನಿಟರಿನ ಎರಡೂ ಮೂಲೆ ನೇರಳೆ ಬಣ್ಣಕ್ಕೆ ತಿರುಗಿದೆ ಎಂದು ಹೇಳಿ ಕಳಿಸಿದರು. ಹೋಗಿ ನೋಡಿದರೆ ಮಾನಿಟರಿನ ನೆತ್ತಿಯಿಂದ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದೆ! "ದೃಷ್ಟಿ ಆಗೈತೆ ರುದ್ರಣ್ಣೋರೆ, ಎದುರುಗಡೆ ಕ್ಲಾಸ್ನೋರ ಕಣ್ಣು ಸರಿ ಇಲ್ಲ" ಎಂದರು ಮೇಷ್ಟ್ರು, ತುಂಬ ಗಂಭೀರವಾಗಿ. ಅಂದಿನ ದಪ್ಪ ಮಾನಿಟರುಗಳಿಗೆ ಮ್ಯಾಗ್ನೆಟ್ ಹತ್ತಿರ ಬಂದರೆ ಬಣ್ಣ ಕೆಡುತ್ತಿತ್ತು. ಸ್ಪೀಕರುಗಳನ್ನು ಎರಡು ಗೇಣು ದೂರ ಸರಿಸಿದೆ, ಬಣ್ಣ ತಿಳಿಯಾಯಿತು. ಮೇಷ್ಟ್ರು ನಿಂಬೆಹಣ್ಣಿಗೆ ಕೈಮುಗಿದರು. ನಾನು ಕಾಫಿ ಕುಡಿದು ಬಂದೆ. ಆಮೇಲೆ ಮೊಬೈಲು ಬಂದಾಗ ಇನ್ನೊಂದು ತರಲೆ: ಫೋನು ರಿಂಗಾಗುವ ಮುಂಚೆಯೇ ಪಕ್ಕದ ಸ್ಪೀಕರು ಡಿಡ್‌ಡಿಡ್ ಡಿಡ್‌ಡಿಡ್ ಎನ್ನುತ್ತಿತ್ತು. "ಫೋನ್ ಬರೋದನ್ನ ಮುಂಚೇನೆ ಹೇಳುತ್ತೆ, ಫ್ರೀ ಸರ್ವಿಸ್ಸು" ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದೆ.

ಮೇಲಧಿಕಾರಿಗಳ ವಿಷಯಕ್ಕೆ ಬಂದರೆ, ಶ್ರೀನಿವಾಸ್ ಎಂಬ ಇಂಜಿನಿಯರ್ ಒಬ್ಬರು ಕೆಲವು ವರ್ಷ ನಮ್ಮಲ್ಲಿದ್ದರು. ಅವರ ಮೇಲೆ ನನಗೆ ಆರಂಭದಲ್ಲಿ ಸಿಟ್ಟು. ಮೀಟರ್ ಹಿಡಿದು ಬಂದವನು ನನಗೇನು ಹೇಳಿಕೊಡುತ್ತಾನೆ ಎಂಬ ಜಂಬ. ಅವರು ಒಂದು ಯಂತ್ರ ತಂದರು. ಅದು ತಳದ ಗುಂಯ್ ಶಬ್ದದಿಂದ ಹಿಡಿದು ಕಿವಿ ಚುಚ್ಚುವ ಕೀ ಶಬ್ದದವರೆಗೆ ಒಂದೇ ಸಮ ಏರುತ್ತ ಹೋಗುವುದು. ನಾನು ಭಜನೆಯಲ್ಲಿ ಅರ್ಧ ದಿನ ಹುಡುಕಿದರೂ ಸಿಗದ ಉಜ್ಜುವಿಕೆ ಅದರಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಗುತ್ತಿತ್ತು. ಜಂಬ ಇಳಿಯಿತು. ನಾನು ಅವರಿಂದ ಕಲಿತದ್ದು ಬಹಳ. ಸುಷ್ಮಾ, ನಿನಗೂ ಅದನ್ನೇ ಹೇಳುತ್ತೇನೆ ಕಣಮ್ಮ: ಯಂತ್ರವನ್ನು ನಂಬು, ಅದಕ್ಕೆ ಯಾರ ಮೇಲೂ ಪ್ರೀತಿಯಿಲ್ಲ. ನಮಗೆ ಇರುತ್ತದೆ, ಅದೇ ತೊಂದರೆ.

ಗಿರಿಜಾಳ ಬಗ್ಗೆ ಇನ್ನಷ್ಟು ಹೇಳಬೇಕು. ಅವಳ ಗಂಡ ಒಳ್ಳೆಯವನೇ, ಆದರೆ ಒಂದು ಕಡೆ ನಿಂತು ಕೆಲಸ ಮಾಡಿದವನಲ್ಲ. ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಲ್ಲಿ. ಅದಕ್ಕಿಂತ ಹೆಚ್ಚಾಗಿ ಆ ಬೆಂಚಿನಲ್ಲಿ ಅವಳಿಗೆ ಒಂದು ಸ್ಥಾನವಿತ್ತು. ಹೊಸಬರು ಬಂದರೆ "ಗಿರಿಜಕ್ಕನ ಪಕ್ಕ ಕೂರು" ಎನ್ನುತ್ತಿದ್ದರು. ಅವಳು ಕಾಯಿಲ್ ಸುತ್ತುವಾಗ ಉಸಿರು ಹಿಡಿಯುತ್ತಿದ್ದಳು. ತಂತಿ ಒಂದರ ಪಕ್ಕ ಒಂದು ಕೂರಬೇಕು, ಮೇಲೆ ಹತ್ತಬಾರದು. ಪರದೆ ಈಚೆ ಕೂತು ಹಾಡು ಕೇಳುವಾಗ ತಟ್ಟನೆ "ಇದು ನನ್ ಕೈದು" ಎನ್ನುವಳು. ಪರದೆ ಎತ್ತಿದರೆ ಹೌದು! ಮ್ಯಾಜಿಕ್ ಏನಲ್ಲ. ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಶುದ್ಧವಾಗಿ ಹಾಡುತ್ತಿದ್ದದ್ದು ಅವಳ ಕಾಯಿಲೇ. ಯಾವುದು ಒಂಚೂರೂ ಉಜ್ಜುವುದಿಲ್ಲವೋ ಅದು ತನ್ನದು ಎಂದು ಹೇಳಿದರೆ ಸಾಕಿತ್ತು. ವರ್ಷಗಟ್ಟಲೆ ಅದು ತಪ್ಪಲೇ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗಾಳಿ ಬದಲಾಯಿತು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹಡಗಿನಿಂದ ಇಳಿದ ಚೀನಾ ಸ್ಪೀಕರುಗಳು ಬರತೊಡಗಿದವು. ನಾವು ಸಾಮಾನು ಕೊಳ್ಳುವ ಬೆಲೆಗೆ ಅವರು ಡಬ್ಬಿ ಸಮೇತ ಸ್ಪೀಕರನ್ನೇ ಕೊಡುತ್ತಿದ್ದರು. ನಮ್ಮ ಡೀಲರುಗಳು ಫೋನೆತ್ತುವುದನ್ನು ಬಿಟ್ಟರು. ಶ್ರೀನಿವಾಸ್ ಬೇರೆ ಕಡೆ ಹೋದರು. ಯಂತ್ರ ಕೆಟ್ಟು ಕೂತಿತು, ರಿಪೇರಿ ಮಾಡಿಸಲು ಯಾರಿಗೂ ಮನಸ್ಸಿರಲಿಲ್ಲ.

ಒಂದು ದಿನ ಯಜಮಾನರು ಊಟದ ಶೆಡ್ಡಿಗೆ ಎಲ್ಲರನ್ನೂ ಕರೆದರು. ಕೈಯಲ್ಲಿ ಒಂದು ಬಣ್ಣದ ಡಬ್ಬ. "ನೋಡ್ರಮ್ಮ, ಸುತ್ತಿ ಬಳಸಿ ಮಾತಾಡಲ್ಲ. ನಮ್ಮನೇವ್ರೆಲ್ಲ ಹೇಳ್ತಿರೋದು, ಮಾಡದು ನಿಲ್ಸಿ, ಇದ್ನೇ ತರ್ಸಿ ಸ್ಟಿಕ್ಕರ್ ಅಂಟ್ಸಿ ಮಾರಿ ಅಂತ. ನಂಗೆ ಮನಸ್ ಬರ್ತಿಲ್ಲ. ನಮ್ಮ ಮಾಲು ಇದಕ್ಕಿಂತ ಚೆನ್ನಾಗಿದ್ರೆ, ಚೆನ್ನಾಗಿರೋದು ಅಂತ ಹೇಳ್ಕೊಂಡಾದ್ರೂ ಮಾರ್ತೀನಿ, ಲೈನ್ ನಡೆಸ್ತೀನಿ. ಇದೇ ಚೆನ್ನಾಗಿದ್ರೆ, ನಾನು ಯಾವ್ ಮುಖ ಇಟ್ಕೊಂಡು ನಮ್ದು ಕೊಳ್ಳಿ ಅನ್ನಲಿ? ನಾಳೆ ಪರದೆ ಕಟ್ಟಿ. ನೀವೇ ಕೇಳಿ ನೀವೇ ಹೇಳಿ. ನೀವು ಹೇಳಿದ್ದೇ ನನ್ ತೀರ್ಮಾನ." ಲವಂಗ ಜಗಿಯುತ್ತ ಒಳಗೆ ಹೋದರು.

ಹೆಂಗಸರು ಹೆದರಲಿಲ್ಲ. ಸಂಜೆ ಗುಬ್ಬಿ ಬಸ್ಸಿನಲ್ಲಿ ಅವರೆಲ್ಲ ನಗುನಗುತ್ತಲೇ ಇದ್ದರು; ನಾನೂ ಅದೇ ಬಸ್ಸಿನವನು. ಪ್ಯಾಕಿಂಗಿನ ಸಾವಿತ್ರಿ ಎಂಬುವವಳು ಎಲ್ಲರ ಪರವಾಗಿ ಯೋಜನೆ ಹಾಕಿದ್ದಳು. "ಗಿರಿಜಕ್ಕಂಗೆ ತನ್ನ ಕಾಯಿಲ್ ಗೊತ್ತಾಯ್ತದೆ. ಅಕ್ಕ ನಮ್ದು ಹಾಡ್ತಿರ್ವಾಗ ತಲೆ ಮೇಲೆ ಸೆರಗು ಹೊದ್ಕೊಂಬುಡ್ಲಿ. ನಾವೆಲ್ಲ ಅದ್ನೇ ಚೆನ್ನಾಗೈತೆ ಅನ್ನದು. ಕೆಲ್ಸ ಮುಗೀತು." ಗಿರಿಜಾ ಮೊದಲು ಒಪ್ಪಲಿಲ್ಲ. "ಅದ್ಯಾಕೆ ಸನ್ನೆ? ನಮ್ದೇ ಚೆನ್ನಾಗಿರ್ತದೆ ಬುಡೇ" ಎಂದಳು. ಆಮೇಲೆ ಎಲ್ಲರ ಮುಖ ನೋಡಿ ಒಪ್ಪಿದಳು. ಮೋಸ ಎನ್ನುವವರು ಎನ್ನಲಿ. ಸೂಪರ್‌ವೈಸರ್ ಆದ ನಾನು ಕಿಟಕಿ ಕಡೆ ತಿರುಗಿ ಕೇಳಿಸದವನ ಹಾಗೆ ಕೂತಿದ್ದೆ. ಇವತ್ತಿಗೂ ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ. ಅಷ್ಟು ಮನೆಗಳ ಒಲೆಯ ಪ್ರಶ್ನೆ ಅದು.

ಮಾರನೆಯ ದಿನ ಯಜಮಾನರು ನನ್ನನ್ನು ಪರದೆಯ ಹಿಂದೆ ಸ್ವಿಚ್ಚಿಗೆ ನಿಲ್ಲಿಸಿ, ತಾವೂ ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಆಚೆ ಬೆಂಚಿನ ಮೇಲೆ ಐದು ಜನ ಹೆಂಗಸರು, ನಡುವೆ ಗಿರಿಜಾ. ಉಳಿದವರು ಬಾಗಿಲ ಹೊರಗೆ ಕಿವಿಯಾನಿಸಿ ನಿಂತಿದ್ದರು. ನಮ್ಮ ಜೋಡಿಯನ್ನು ನಾನೇ ಆರಿಸಿದ್ದೆ. ಗಿರಿಜಾಳೇ ಸುತ್ತಿದ ಕಾಯಿಲು; ಇಡೀ ಲಾಟಿನಲ್ಲಿ ಅದಕ್ಕಿಂತ ಚೆನ್ನಾಗಿರುವುದು ಇರಲಿಲ್ಲ. ಯಜಮಾನರು ಬೆರಳಿನಲ್ಲಿ ತೋರಿಸಿದಂತೆ ಮೊದಲು ನಮ್ಮದಕ್ಕೆ ಸ್ವಿಚ್ ಹಾಕಿದೆ. ಭಜನೆ ಶುರುವಾಯಿತು. ಚೆನ್ನಾಗಿಯೇ ಹಾಡಿತು. ಮದ್ದಳೆ ಬಿದ್ದಾಗ ಮಾತ್ರ ತಳದಲ್ಲಿ ಒಂದು ಸಣ್ಣ ಅದುರು. ಅದು ನಮ್ಮ ಕಾಗದದ ಅಂಚಿನ ಅದುರು. ವರ್ಷಗಟ್ಟಲೆ ಕೇಳಿ ಕೇಳಿ ಅದು ಇದೆ ಎಂಬುದನ್ನೇ ನಾವು ಮರೆತಿದ್ದೆವು.

ಆಮೇಲೆ ಎರಡನೇ ಜೋಡಿ. ಅದೇ ಹಾಡು, ಅದೇ ಸಾಲು. ತಾಳ ಕಣ್ಣೆದುರೇ ತಟ್ಟಿದಂತಿತ್ತು. ಹೆಂಗಸರ ದನಿಯಲ್ಲಿ ಒಬ್ಬಳು ಮುದುಕಿ ಇದ್ದಾಳೆ ಎಂಬುದು ನನಗೆ ಅಷ್ಟು ವರ್ಷಗಳಲ್ಲಿ ಅವತ್ತೇ ತಿಳಿದದ್ದು. ಉಜ್ಜುವಿಕೆಯ ಸುಳಿವೇ ಇಲ್ಲ. ಯಂತ್ರ ಸುತ್ತಿದ ಕಾಯಿಲು, ರಬ್ಬರಿನ ಅಂಚು. ಗಿರಿಜಾ ಮೊದಲನೆಯದಕ್ಕೇ ಸೆರಗು ಹೊದ್ದಿರಲಪ್ಪ ಎಂದು ಮನಸ್ಸಿನಲ್ಲೇ ಶಿವನನ್ನು ಬೇಡಿಕೊಂಡೆ. ಪರದೆಯ ಈಚೆಯಿಂದ ನನಗೆ ಏನೂ ಕಾಣುತ್ತಿರಲಿಲ್ಲ. ಹಾಡು ನಿಂತಿತು.

"ಹೇಳ್ರಮ್ಮ" ಎಂದರು ಯಜಮಾನರು.

"ಎರಡನೇದು" ಎಂದಳು ಸಾವಿತ್ರಿ, ಕಂಚಿನ ಕಂಠದಲ್ಲಿ. "ಎರಡನೇದು." "ಎರಡನೇದೇ ಸ್ವಾಮಿ." ಒಬ್ಬೊಬ್ಬರ ದನಿಯಲ್ಲೂ ಗೆದ್ದ ಖುಷಿ. ಕೊನೆಗೆ ಗಿರಿಜಾ: "ಎರಡನೇದು. ಅದ್ರಲ್ಲಿ ಎರಡು ಮಾತೇ ಇಲ್ಲ. ಅದು ನನ್ ಕೈದು."

ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತರು. ನಮ್ಮದೇ ಗೆಲ್ಲುತ್ತದೆ ಎಂದು ಅವರೂ ನಂಬಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. "ಎತ್ತಪ್ಪ" ಎಂದರು, ನನ್ನ ಮುಖ ನೋಡದೆ. ನಾನು ಪರದೆ ಎತ್ತಿದೆ. ಗಿರಿಜಾ ತಲೆಯ ಮೇಲೆ ಸೆರಗು ಹೊದ್ದು, ಬಾಯಿತುಂಬ ನಗುತ್ತ ಕೂತಿದ್ದಳು. ಅವಳ ಕಣ್ಣು ಸ್ವಿಚ್ಚಿನ ತಂತಿಯನ್ನೇ ಹಿಡಿದು ಹೋಗಿ ಆ ಬಣ್ಣದ ಡಬ್ಬದ ಪಕ್ಕದಲ್ಲಿದ್ದ ಸ್ಪೀಕರಿನ ಮೇಲೆ ನಿಂತಿತು. ನಗು ಹಾಗೇ ಇತ್ತು, ಅದನ್ನು ತೆಗೆಯಬೇಕು ಎಂಬುದೇ ಅವಳಿಗೆ ತೋಚಲಿಲ್ಲ.

"ಅಕ್ಕಾ! ಹಿಂಗ್ಯಾಕ್ ಮಾಡ್ದೆ?" ಎಂದು ಸಾವಿತ್ರಿ ಕಿರುಚಿದಳು. ಬಾಗಿಲ ಹೊರಗಿದ್ದವರೂ ಒಳನುಗ್ಗಿದರು. ಗಲಾಟೆಯೋ ಗಲಾಟೆ. ಗಿರಿಜಾ ಮಾತ್ರ ಎದ್ದು ಬಂದು, "ರುದ್ರಣ್ಣ, ಇನ್ನೊಂದ್ ಸಲ ಎರಡೂ ಹಾಕು" ಎಂದಳು. ಹಾಕಿದೆ. ಕಣ್ಣುಬಿಟ್ಟುಕೊಂಡು, ಎರಡಕ್ಕೂ ಎದುರಾಗಿ ನಿಂತು ಕೇಳಿದಳು. ಕೇಳಿ, "ಹೌದು. ಅದೇ ಚೆನ್ನಾಗೈತೆ" ಎಂದಳು. ಅಲ್ಲಿದ್ದವರಲ್ಲಿ ಆ ಮಾತನ್ನು ಅವಳೊಬ್ಬಳೇ ಹೇಳಿದ್ದು.

ಯಜಮಾನರು ಮಾತಿಗೆ ತಪ್ಪಲಿಲ್ಲ, ತಪ್ಪಿದ್ದರೆ ಚೆನ್ನಾಗಿತ್ತು. ಕೈಲಾದಷ್ಟು ಎಲ್ಲರಿಗೂ ಕೊಟ್ಟು ಲೈನ್ ಮುಚ್ಚಿದರು. ಆ ಕೆಲವು ವಾರ ಬಸ್ಸಿನಲ್ಲಿ ಗಿರಿಜಾಳ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಅಕ್ಕ ಅಕ್ಕ ಎಂದು ಹಿಂದೆ ಸುತ್ತುತ್ತಿದ್ದವರೇ, "ಯಜಮಾನ್ರತ್ರ ಏನೋ ಮಾತಾಗಿರ್ಬೇಕು, ಇಲ್ದಿದ್ರೆ ತನ್ನದು ತನಗೆ ಗೊತ್ತಾಗಲ್ವಾ?" ಎಂದು ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು. ನಾನು ಒಂದು ಸಲ ರೇಗಿ, "ಬಾಯಿಗ್ ಬಂದಂಗ್ ಮಾತಾಡ್ಬೇಡ್ರಿ" ಎಂದು ಗದರಿದೆ. ಅದರಿಂದ ಅವಳಿಗೆ ಇನ್ನಷ್ಟು ಕಷ್ಟವಾಯಿತೇ ಹೊರತು ಉಪಯೋಗವಾಗಲಿಲ್ಲ. ಕೆಲಸ ಹೋದದ್ದಕ್ಕೆ ಅವಳು ಅತ್ತಿದ್ದನ್ನು ನಾನು ನೋಡಲಿಲ್ಲ. ಆ ಖಾಲಿ ಸೀಟಿನ ಪಕ್ಕ ಕೂತು ಅಳುತ್ತಿದ್ದದ್ದನ್ನು ನೋಡಿದ್ದೇನೆ.

ನನ್ನನ್ನು ಮಾತ್ರ ಯಜಮಾನರು ಉಳಿಸಿಕೊಂಡರು. ಕಾಯಿಲ್ ಬೆಂಚುಗಳಿದ್ದ ಜಾಗದಲ್ಲಿ ಸೂರಿನವರೆಗೆ ಡಬ್ಬಗಳು ತುಂಬಿದವು. ಅಲ್ಲೊಂದು ಇಲ್ಲೊಂದು ಡಬ್ಬ ತೆಗೆದು ಕೇಳುವುದು, ಮುಚ್ಚುವುದು. ಉಜ್ಜುವ ಕಾಯಿಲು ಸಿಗುವುದೇ ಅಪರೂಪ. ಸಿಕ್ಕಿದ ದಿನ, ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯಾಗುತ್ತಿತ್ತು. ಹಾಗೇ ನಡೆದು ರಿಟೈರ್ ಆದೆ.

ಗಿರಿಜಾ ಒಂದು ಶಾಲೆಯ ಬಿಸಿಯೂಟದ ಅಡುಗೆಗೆ ಸೇರಿದ್ದಾಳೆ ಎಂದು ಕೇಳಿದ್ದೆ. ಕೆಲವು ವರ್ಷಗಳ ಮೇಲೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೂದಲು ನರೆತಿತ್ತು, ಕೈಯಲ್ಲಿ ಸೊಪ್ಪಿನ ಚೀಲ. "ಏನಣ್ಣ, ಕಿವಿ ಇನ್ನೂ ಕೇಳ್ತದಾ?" ಎಂದು ಅವಳೇ ನಗೆಯಾಡಿದಳು. ಕಲ್ಲು ಬೆಂಚಿನ ಮೇಲೆ ಕೂತೆವು. ಬಹಳ ದಿನದಿಂದ ಹೇಳಬೇಕು ಎಂದುಕೊಂಡಿದ್ದನ್ನು ಹೇಳಿದೆ: "ನೋಡು ಗಿರಿಜಾ, ಅವತ್ತು ನೀನ್ ಒಂದನೇದು ಅಂದಿದ್ರೂ ಆ ಲೈನ್ ಉಳೀತಿರ್ಲಿಲ್ಲ ಕಣಮ್ಮ. ಆರ್ ತಿಂಗ್ಳೋ ವರ್ಷವೋ, ಅಷ್ಟೆ. ನಿನ್ ತಪ್ಪಲ್ಲ."

"ಅದು ಗೊತ್ತು ಬುಡಣ್ಣ" ಎಂದಳು. ಚೀಲದಿಂದ ಒಂದು ಕಟ್ಟು ಸೊಪ್ಪು ತೆಗೆದು ಕೈಯಲ್ಲೇ ಎಲೆ ಬಿಡಿಸತೊಡಗಿದಳು. ಆಮೇಲೆ, "ಯಾರ್ಗೂ ಹೇಳಿಲ್ಲ, ನಿಂಗ್ ಹೇಳ್ತೀನಿ. ನಗ್ಬಾರ್ದು" ಎಂದಳು.

"ಹೇಳು."

"ಎರಡನೇದು ಹಾಡಕ್ ಶುರು ಮಾಡ್ತಲ್ಲ, ಮೈಯೆಲ್ಲ ಜುಮ್ಮಂತು ಕಣಣ್ಣ. ಅಯ್ಯೋ ಶಿವ್ನೇ, ಇಷ್ಟ್ ಚೆನ್ನಾಗ್ ಸುತ್ತಿದೀನಾ ನಾನು ಅಂತ. ಅಷ್ಟ್ ವರ್ಷ ಉಸ್ರು ಹಿಡ್ದು ಸುತ್ತಿದ್ದಕ್ಕೂ ಸಾರ್ಥಕ ಆಯ್ತು ಅನ್ಸ್ಬುಡ್ತು. ಅಂಥ ಖುಷಿ ನಂಗೆ ಮದ್ವೇಲೂ ಆಗಿರ್ಲಿಲ್ಲ, ಮಕ್ಳಾದಾಗ್ಲೂ ಆಗಿರ್ಲಿಲ್ಲ. ಆಮೇಲಂತೂ ಬುಡು." ನನ್ನ ಕಡೆ ತಿರುಗಿದಳು. "ಪರದೆ ಎತ್ತೋದನ್ನ ಇನ್ನೊಂದ್ ಸ್ವಲ್ಪ ತಡ ಮಾಡ್ಬಾರ್ದಿತ್ತಾ ಅಣ್ಣ?"